ದುರಗೇಶ ಕಟ್ಟಿದ ಊರಿನ ಬಾಗಿಲು

2016ರ ಅಕ್ಟೋಬರ್ ಒಂಬತ್ತು, ರವಿವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ದುರಗೇಶ ಬೇವಿನ ಮರ ನೆಡುತ್ತಿದ್ದ. ಮರ ಇದ್ದದ್ದು ಕಂಪ್ಯೂಟರಿನ ಪರದೆಯ ಮೇಲೆ. ಅದನ್ನು ಎಲ್ಲಿ ನೆಡಬೇಕೆಂಬುದು ಗೊತ್ತಿದ್ದವರು ಹೊರಗೆ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು.

"ಯಪ್ಪಾ, ಬೇವಿನ ಗಿಡ ಕುರಿದೊಡ್ಡಿಗೆ ಎಡಕ್ಕಿತ್ತೋ, ಬಲಕ್ಕಿತ್ತೋ?"

"ದೊಡ್ಡಿ ಒಳಗ ನಿಂತ್ರ ಎಡಕ್ಕ, ಹೊರಗ ನಿಂತ್ರ ಬಲಕ್ಕ," ಎಂದರು ರೇವಪ್ಪ. "ನೀ ಎಲ್ಲಿ ನಿಂತೀ ಅದನ್ನ ಮೊದಲ ಹೇಳು."

ದುರಗೇಶ ನಕ್ಕು ಮರವನ್ನು ಎರಡು ಚೌಕ ಆಚೆ ಸರಿಸಿದ. ಬಿ.ಎಸ್ಸಿ. ಭೌತಶಾಸ್ತ್ರ ಓದಿ, ಮುಧೋಳದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದ ಅವನಿಗೆ ಕುರಿ ಕಾಯ್ದ ಅಪ್ಪನ ಈ ಉತ್ತರ ಬಹಳ ಇಷ್ಟವಾಯಿತು. ನೋಡುವವನು ಎಲ್ಲಿ ನಿಂತಿದ್ದಾನೆಂದು ಹೇಳದೆ ಎಡಬಲ ಹೇಳಬಾರದು.

ಅವನು ಕಟ್ಟುತ್ತಿದ್ದದ್ದು ಅವರ ಹಳೆಯ ಊರು. ಬೀಳಗಿ ತಾಲ್ಲೂಕಿನ ಆ ಊರು ಆಲಮಟ್ಟಿಯ ಹಿನ್ನೀರಿಗೆ ಸೇರಿದ್ದರಿಂದ 1999ರಲ್ಲಿ ಅವರೆಲ್ಲ ಈ ಪುನರ್ವಸತಿ ಕೇಂದ್ರಕ್ಕೆ ಬಂದಿದ್ದರು. ಆಗ ದುರಗೇಶನಿಗೆ ಹದಿಮೂರು, ತಂಗಿ ಪೂನಮ್‌ಗೆ ನಾಲ್ಕು. ಅವನಿಗೆ ಓಣಿ, ಬಾವಿ, ಬೀರೇಶ್ವರನ ಗುಡಿ ಎಲ್ಲ ನೆನಪಿದ್ದವು. ಅವಳಿಗೆ ಏನೂ ಇರಲಿಲ್ಲ. ಮದುವೆಗೆ ನಾಲ್ಕು ದಿನ ಇದ್ದಾಗ, ಕೈಗೆ ಮೆಹಂದಿ ಹಚ್ಚಿಸಿಕೊಂಡು ಕುಳಿತವಳು ಸುಮ್ಮನೆ ಅಂದಿದ್ದಳು: "ಹುಟ್ಟಿದ ಮನಿ ಹೊಸ್ತಿಲ ದಾಟಿದ್ದಾದ್ರೂ ನನಗ ನೆನಪಿರಬೇಕಿತ್ತು ನೋಡಣ್ಣಾ. ಎಲ್ಲಾರಿಗೂ ಒಂದು ಊರೈತಿ. ನನಗ ಬರೇ ಪ್ಲಾಟ್ ನಂಬರ್ ಐತಿ."

ಅವಳು ತೇರದಾಳದ ಗಂಡನ ಮನೆಗೆ ಹೋದ ಮರುವಾರ ದುರಗೇಶ ಈ ಕಂಪ್ಯೂಟರ್ ಆಟ ಕೊಂಡುಕೊಂಡ. ಯುರೋಪಿನ ಸಣ್ಣದೊಂದು ಕಂಪನಿ ಮಾಡಿದ ಆಟ. ಮಣ್ಣು, ಕಲ್ಲು, ಕಟ್ಟಿಗೆಗಳಿಂದ ನಮಗೆ ಬೇಕಾದ ಊರು ಕಟ್ಟಬಹುದು. ಬೇರೆಡೆ ಇರುವವರೂ ತಮ್ಮ ಕಂಪ್ಯೂಟರಿನಿಂದ ಆ ಊರಿನೊಳಗೆ ಬಂದು ಅಡ್ಡಾಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ ಅದು ಲಿನಕ್ಸಿನಲ್ಲಿ ನಡೆಯುತ್ತಿತ್ತು. ಹುಡುಗರ ಪೆನ್ ಡ್ರೈವಿನಿಂದ ವೈರಸ್ ಬಂದು ಲ್ಯಾಬಿನ ಕಂಪ್ಯೂಟರುಗಳು ವಾರಕ್ಕೊಮ್ಮೆ ಮಲಗುತ್ತಿದ್ದಾಗ ದುರಗೇಶ ಅವುಗಳಲ್ಲಿ ವಿಂಡೋಸ್ ತೆಗೆದು, ಯಾರು ಬೇಕಾದರೂ ಪುಕ್ಕಟೆ ಪಡೆದು ತಿದ್ದಿಕೊಳ್ಳಬಹುದಾದ ಈ ಲಿನಕ್ಸ್ ಹಾಕಿದ್ದ. ಲ್ಯಾಬ್ ಹರಾಜು ಹಾಕಿದ ಒಂದು ಹಳೆಯ ಯಂತ್ರವನ್ನು ತಂದು, ಧೂಳು ಹೊಡೆದು, ಲಿನಕ್ಸ್ ಹಾಕಿ ತಂಗಿಯ ಮದುವೆಗೆ ಕೊಟ್ಟಿದ್ದ. "ಮಂದಿ ತಂಗಿಗೆ ಬಂಗಾರ ಕೊಡತಾರ, ಇಂವ ಗುಜರಿ ಕೊಟ್ಟ," ಎಂದು ಬೀಗರು ನಕ್ಕಿದ್ದರು. ಈಗ ಪ್ರತಿ ರವಿವಾರ ಬೆಳಿಗ್ಗೆ ಅದೇ ಗುಜರಿಯ ಮುಂದೆ ಕುಳಿತು ಪೂನಮ್ ಊರಿಗೆ ಬರುತ್ತಿದ್ದಳು. ಕಿವಿಗೆ ಹೆಡ್‌ಫೋನ್, ಕೈಯಲ್ಲಿ ಚಹಾ. ಅವಳ ಅತ್ತೆ ಕೂಡ ಈಗ ನೆರೆಯವರಿಗೆ, "ನಮ್ಮ ಸೊಸಿ ತವರಮನಿ ಕಟ್ಟಾಕತ್ತಾಳ, ಮಾತಾಡಸಬ್ಯಾಡ್ರಿ," ಅನ್ನುತ್ತಿದ್ದರು.

ಊರೆಲ್ಲ ಎದ್ದಿತ್ತು. ತಮ್ಮ ಮನೆಯೊಂದು ಬಾಕಿ. ಅದನ್ನು ಚೂರೂ ತಪ್ಪಿಲ್ಲದೆ ಕಟ್ಟಬೇಕೆಂದು ದುರಗೇಶ ಕಡೆಗೆ ಇಟ್ಟಿದ್ದ. ದೀಪಾವಳಿಯೊಳಗೆ ಮುಗಿಸಿ ತಂಗಿಯನ್ನು ಹೊಸ್ತಿಲು ದಾಟಿಸುವುದೆಂದು ಮಾತಾಗಿತ್ತು.

ಆ ದಿನ ಬೇವಿನ ಮರ ನೆಟ್ಟು ಮುಗಿಸುವಷ್ಟರಲ್ಲಿ ಕಂಪನಿಯ ಇ-ಮೇಲ್ ಬಂತು. ಅವನು ಎರಡು ಸಲ ಓದಿ ತಂಗಿಗೂ ಹೇಳಿದ. ಸಣ್ಣ ಕಂಪನಿಯನ್ನು ದೊಡ್ಡದೊಂದು ಕಂಪನಿ ಕೊಂಡಿದೆ. ಡಿಸೆಂಬರ್ ಕೊನೆಗೆ ಹಳೆಯ ಆಟ ನಿಲ್ಲುತ್ತದೆ. ಆಟಗಾರರು ಕಟ್ಟಿದ ಊರುಗಳೆಲ್ಲ ಹೊಸ ಆವೃತ್ತಿಗೆ ಸುರಕ್ಷಿತವಾಗಿ ಹೋಗುತ್ತವೆ. ಹೊಸ ಆವೃತ್ತಿ ಲಿನಕ್ಸಿಗೆ ಇರುವುದಿಲ್ಲ.

"ಅಂದರ ಊರು ಇರತೈತಿ, ನಮಗ ಹೋಗಾಕ ಬರೂದಿಲ್ಲ," ಎಂದಳು ಪೂನಮ್ ಹೆಡ್‌ಫೋನಿನಲ್ಲಿ. "ನೀರಾಗಿನ ಊರಿನ ಗತೇನ."

ಸೋಮವಾರ ಲ್ಯಾಬಿನಲ್ಲಿ ಗೆಳೆಯ ಪರಮೇಶನಿಗೆ ಇದು ನಗೆಯ ವಿಷಯವಾಯಿತು. ಪರಮೇಶ ಕಾಲೇಜಿನ ಆಫೀಸಿನವನು. ಮೊಬೈಲಿನಲ್ಲಿ ಕ್ರಿಕೆಟ್ ಆಟ ಬಿಟ್ಟರೆ ಬೇರೆ ಆಡಿದವನಲ್ಲ.

"ಲೇ ದುರಗ್ಯಾ, ಅಷ್ಟ ಅಲ್ಲೇನು? ವಿಂಡೋಸ್ ಸಿಡಿ ನನ್ನ ಕಡೆ ಐತಿ. ಚಾ ಕುಡಿಯೂದರಾಗ ಹಾಕಿ ಕೊಡತೇನಿ."

"ಕದ್ದ ಸಿಡಿ ಹಾಕ್ಕೊಂಡು ಕಂಪನಿ ನ್ಯಾಯ ಮಾಡಲಿಲ್ಲ ಅನ್ನಲೇನ?"

"ಹಂಗಾರ ರೊಕ್ಕಾ ಕೊಟ್ಟು ತಗೋ."

"ನಾ ತಗೊಂಡೇನು. ತಂಗಿ ಮಿಷನ್ ಆ ಹೊಸ ಆಟ ಎಳೆಯೂದಿಲ್ಲ. ಅದು ಜೀವ ಹಿಡದಿದ್ದು ಲಿನಕ್ಸಿನಿಂದ. ಅಕಿ ಇಲ್ಲದ ಊರಾಗ ನಾ ಒಬ್ಬ ಏನ ಮಾಡಲಿ?"

"ಏನರೆ ಮಾಡು. ಆಟಕ್ಕ ಇಷ್ಟು ಸಂಕಟಪಡೋ ಪ್ರಾಣಿ ನಾ ನೋಡಿಲ್ಲಪಾ."

ದುರಗೇಶ ಕಂಪನಿಗೆ ಪತ್ರ ಬರೆದ. ನಾಲ್ಕು ದಿನಕ್ಕೆ ಉತ್ತರ ಬಂತು, ಮರ್ಯಾದೆಯ ಉತ್ತರ. ಲಿನಕ್ಸಿನಲ್ಲಿ ಆಡುವವರು ನೂರಕ್ಕೆ ಒಬ್ಬರಿಗಿಂತ ಕಡಿಮೆ, ಅವರಿಗಾಗಿ ಬೇರೆ ಆವೃತ್ತಿ ಇಡುವುದು ವ್ಯವಹಾರದ ದೃಷ್ಟಿಯಿಂದ ಸಾಧ್ಯವಿಲ್ಲ, ವಿಷಾದವಿದೆ.

ಅವನಿಗೆ ಸಿಟ್ಟು ಬರಲಿಲ್ಲ. ಲೆಕ್ಕ ಸುಳ್ಳಲ್ಲವೆಂದು ಅವನಿಗೆ ಗೊತ್ತಿತ್ತು. ಕಂಪನಿಯವರಿಗೂ ಪಗಾರ ಕೊಡಬೇಕು, ಬಾಡಿಗೆ ಕಟ್ಟಬೇಕು. ಆದರೆ ಆ ಎಣಿಕೆಯಲ್ಲಿ ಏನೋ ಬಿಟ್ಟುಹೋಗಿದೆ ಅನ್ನಿಸಿತು. ಅದನ್ನು ಹಿಡಿದುಕೊಟ್ಟವರು ಅಪ್ಪ. ಊಟಕ್ಕೆ ಕುಳಿತಾಗ ಮಗ ವಿಷಯ ಹೇಳಿದ. ರೇವಪ್ಪ ರೊಟ್ಟಿ ಮುರಿಯುತ್ತ ಕೇಳಿಸಿಕೊಂಡರು.

"ಹಿಂಡಿನಾಗ ಗಂಟಿ ಒಂದಕ್ಕ ಕಟ್ಟತೀವಿ. ಅದು ಹ್ವಾದ ಕಡೆ ಉಳಿದಾವು ಹೊಕ್ಕಾವು. ಬರೇ ಒಂದ ಅಂತ ಅದನ್ನ ಬಿಟ್ಟು ಬಂದರ ಕುರಿ ಕಾಯಾವ ಅಲ್ಲ ಅಂವ."

ಅದೇ, ಎಂದುಕೊಂಡ ದುರಗೇಶ. ಆಟಗಾರರು ಒಬ್ಬೊಬ್ಬರಾಗಿ ಬರುವುದಿಲ್ಲ. ಅಣ್ಣನ ಬೆನ್ನಿಗೆ ತಂಗಿ, ಗೆಳೆಯನ ಬೆನ್ನಿಗೆ ಗೆಳೆಯ ಬರುತ್ತಾರೆ. ಒಬ್ಬರನ್ನು ಬಿಟ್ಟರೆ ಎಷ್ಟು ಮಂದಿ ಹೋಗುತ್ತಾರೆಂದು ಯಾರೂ ಎಣಿಸಿರುವುದಿಲ್ಲ. ಹೋದವರು ವಿಂಡೋಸಿನವರಾದರೆ ಅವರು ಬೇರೆ ಕಾರಣಕ್ಕೆ ಹೋದರೆಂದು ಬರೆದುಕೊಳ್ಳುತ್ತಾರೆ.

ಆದರೂ ಎರಡನೆಯ ಪತ್ರದಲ್ಲಿ ಅವನು ಇದನ್ನು ವಾದಿಸಲಿಲ್ಲ. ಬೇರೊಂದು ಮಾತು ಬರೆದ. ನೀವು ಲಿನಕ್ಸ್ ಬಿಟ್ಟದ್ದಕ್ಕೆ ನನ್ನ ತಕರಾರಿಲ್ಲ. ಮಾರಿದ ಮೇಲೂ ಮನೆಯ ಕೀಲಿ ನಿಮ್ಮ ಹತ್ತಿರವೇ ಇಟ್ಟುಕೊಂಡಿರಿ, ಆಟ ನಿಮ್ಮ ಸರ್ವರಿನಲ್ಲಿ ಮಾತ್ರ ನಡೆಯುವಂತೆ ಮಾಡಿದಿರಿ, ತಪ್ಪು ಅಲ್ಲಿದೆ. ಹೋಗುವಾಗ ಸರ್ವರಿನ ಪ್ರೋಗ್ರಾಮನ್ನು ಆಟಗಾರರಿಗೆ ಬಿಟ್ಟುಕೊಡಿ. ನಮ್ಮ ಊರನ್ನು ನಾವೇ ನಮ್ಮ ಮನೆಯಲ್ಲಿ ಇಟ್ಟುಕೊಳ್ಳುತ್ತೇವೆ.

ಇದಕ್ಕೆ ಉತ್ತರ ಬರಲಿಲ್ಲ. ದೀಪಾವಳಿ ಬಂದು ಹೋಯಿತು. ಊರಿನ ಮನೆ ಹಾಗೇ ಬಾಕಿ ಇತ್ತು. ಮುಳುಗುವ ಊರಿನಲ್ಲಿ ಹೊಸ ಗೋಡೆ ಎಬ್ಬಿಸಲು ಅವನಿಗೆ ಕೈ ಬರಲಿಲ್ಲ. ಪೂನಮ್ ರವಿವಾರ ಬಂದು ಬಾವಿಯ ಹತ್ತಿರ ಸುಮ್ಮನೆ ನಿಂತು ಹೋಗುತ್ತಿದ್ದಳು.

ನವೆಂಬರಿನ ಒಂದು ಸಂಜೆ ಅವನು ಮಂಕಾಗಿ ಕುಳಿತಿದ್ದನ್ನು ಕಂಡು ತಾಯಿ ಕರೆವ್ವ ಗಂಡನಿಗೆ, "ನೀವರೆ ಒಂದ ಮಾತ ಹೇಳ್ರಿ. ಊರು ಬಿಟ್ಟು ಬಂದಾವ್ರಿಗೆ ಊರು ಬಿಡೂದು ಹೆಂಗ ಅಂತ ಗೊತ್ತಿರತೈತಿ," ಎಂದಳು.

ರೇವಪ್ಪ ಒಳಗೆ ಬಂದರು. ಇಷ್ಟು ದಿನ ಎಡಬಲ ಹೇಳಿದ್ದರೇ ಹೊರತು ಒಮ್ಮೆಯೂ ಪರದೆ ನೋಡಿರಲಿಲ್ಲ. "ನೀರಾಗ ಹ್ವಾದ ಊರನ್ನ ಪೆಟಗ್ಯಾಗ ನೋಡಬೇಕೇನ" ಎಂಬುದು ಅವರ ಮಾತು. ಈಗಲೂ ಪರದೆಗೆ ಬೆನ್ನು ಮಾಡಿಯೇ ಕುಳಿತರು.

"ತಮ್ಮಾ, ನೀರು ಬರತೈತಿ ಅಂದಾಗ ನಾವು ಏನ ತಂದಿವಿ?"

"ಬಾಗಲಾ."

"ಗ್ವಾಡಿ ತಂದಿವೇನ?"

"ಇಲ್ಲ."

"ಗ್ವಾಡಿ ಎಲ್ಲಿ ಬೇಕಾದಲ್ಲಿ ಏಳತೈತಿ. ಬಾಗಲಾ ಹೊರಬೇಕು. ಮೊದಲ ಬಾಗಲಾ ನಿಂದರಸು."

ಅದು ಆ ಸೀಮೆಯವರು ಊರು ಬಿಟ್ಟ ರೀತಿ. ಚಕ್ಕಡಿಯಲ್ಲಿ ದೇವರು, ತೊಲೆ, ತಲೆಬಾಗಿಲಿನ ಚೌಕಟ್ಟು ಹೇರಿಕೊಂಡು ಬಂದಿದ್ದರು. ಕೇಂದ್ರದ ಸಿಮೆಂಟಿನ ಮನೆಗಳ ಮುಂದೆ ಇಂದಿಗೂ ಆ ಸಾಗುವಾನಿಯ ಬಾಗಿಲುಗಳು ನಿಂತಿವೆ, ಹೊಸ ಅಂಗಿಯ ಮೇಲೆ ಅಜ್ಜನ ರುಮಾಲು ಸುತ್ತಿದಂತೆ.

ದುರಗೇಶ ಹುಡುಕಿದ. ಊರು ಕಟ್ಟುವಂಥ ಇನ್ನೊಂದು ಆಟ ಸಿಕ್ಕಿತು. ಅದನ್ನು ಮಾಡಿದ್ದು ಕಂಪನಿಯಲ್ಲ. ಲೋಕದ ಎಲ್ಲೆಲ್ಲಿಯೋ ಇರುವ ಹವ್ಯಾಸಿಗಳು. ನೋಟ ಒರಟು, ಆಕಾಶ ಚಂದವಿಲ್ಲ. ಆದರೆ ಎಲ್ಲರನ್ನೂ ಒಂದೇ ಊರಿಗೆ ಕೂಡಿಸುವ ಸರ್ವರಿನ ಪ್ರೋಗ್ರಾಮ್ ಕೂಡ ಪುಕ್ಕಟೆ, ಮನೆಯಲ್ಲೇ ನಡೆಸಬಹುದು. ಲ್ಯಾಬಿನ ಇನ್ನೊಂದು ಗುಜರಿ ಯಂತ್ರ ಅದಕ್ಕೆ ಸಾಕಾಯಿತು. "ಎಂಟು ಮಂದಿ ಮ್ಯಾಲ ಬಂದರ ಇದು ನಿಂತಬಿಡತೈತಿ," ಎಂದು ಪರೀಕ್ಷೆ ಮಾಡಿ ಪರಮೇಶನಿಗೆ ಹೇಳಿದ. "ಯಾರ ಬರತಾರ ಮಾರಾಯಾ ಎಂಟು ಮಂದಿ," ಎಂದ ಪರಮೇಶ. ಆದರೂ ಆ ಯಂತ್ರವನ್ನು ಮುಧೋಳದ ಬಸ್‌ಸ್ಟ್ಯಾಂಡಿನವರೆಗೆ ಹೆಗಲ ಮೇಲೆ ಹೊತ್ತು ತಂದವನು ಅವನೇ.

ಮುಂದಿನ ರವಿವಾರ ಬಯಲಿನಂಥ ಖಾಲಿ ಪರದೆಯ ನಡುವೆ ದುರಗೇಶ ಬಾಗಿಲೊಂದನ್ನೇ ನಿಲ್ಲಿಸಿದ. ಮನೆಯ ತಲೆಬಾಗಿಲಿನ ಅಳತೆ ತೆಗೆದು, ಮೇಲುಪಟ್ಟಿಯ ಎರಡು ಗಿಳಿ, ನಡುವಿನ ತಾವರೆ ಎಲ್ಲವನ್ನೂ ಚಿಕ್ಕ ಚಿಕ್ಕ ಚೌಕಗಳಲ್ಲಿ ಕೂಡಿಸಿದ್ದ. "ಯಪ್ಪಾ, ಬಾಗಲಾ ನಿಂತೈತಿ," ಎಂದು ಕೂಗಿದ.

ರೇವಪ್ಪ ಬಂದರು. ಬಾಗಿಲು ನಿಲ್ಲಿಸಿದಾಗ ಹಿರಿಯರು ನೋಡಬೇಕು, ಅದು ಪದ್ಧತಿ. ಅದಕ್ಕಾಗಿ ಈ ಸಲ ಬೆನ್ನು ಮಾಡದೆ ಮಗನ ಹೆಗಲ ಮೇಲೆ ಕೈಯಿಟ್ಟು ಪರದೆಯತ್ತ ಬಾಗಿದರು. ಬಹಳ ಹೊತ್ತು ನೋಡಿದರು.

"ಗಿಳಿ ಯಾಕ ಒಳಗ ಮಾರಿ ಮಾಡ್ಯಾವು?"

"ನಮ್ಮ ಬಾಗಲದಾಗ ಒಳಗ ಅದಾವಲ್ಲ."

"ಇಲ್ಲಿ ಒಳಗ. ಊರಾಗ ಹೊರಗಿದ್ವು."

ದುರಗೇಶ ಎದ್ದು ಹೋಗಿ ತಲೆಬಾಗಿಲು ನೋಡಿದ. ಗಿಳಿಗಳು ಪಡಸಾಲೆಯತ್ತ ಮುಖ ಮಾಡಿದ್ದವು, ಎಂದಿನಂತೆ. ಊರಿನಲ್ಲಿ ಹದಿಮೂರು ವರ್ಷ ಓಣಿಯಿಂದ ಓಡಿ ಬಂದು ಅವುಗಳ ಕೆಳಗೇ ಒಳಗೆ ಹೊಕ್ಕವನು ಅವನು. ಅದು ಹೇಗೆ ಮರೆತುಹೋಯಿತು? ಇಲ್ಲಿ ದಿನವೂ ಕಂಡದ್ದು ಅಲ್ಲಿ ಕಂಡದ್ದನ್ನು ಅಳಿಸಿಹಾಕಿತ್ತು. ಇಷ್ಟು ಅಳತೆ ತೆಗೆದವನು, ಎಲ್ಲಿ ನಿಂತು ತೆಗೆದೆನೆಂದು ಕೇಳಿಕೊಂಡಿರಲಿಲ್ಲ.

"ಗೌಂಡಿ ತಪ್ಪಿ ಕೂಡಿಸಿದನೇನು?" ಎಂದ.

ಅಡಿಗೆಮನೆಯಿಂದ ಕರೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಗೌಂಡಿ ಅಲ್ಲ, ನಾ ಹೇಳಿದ್ದು. ಊರಾಗ ಗಿಳಿ ನೋಡಿ ಓಣಿ ಮಂದಿ ಒಳಗ ಬರತಿದ್ರು. ಇಲ್ಲಿಗೆ ಬಂದ ಮ್ಯಾಲ ನಮ್ಮ ಓಣ್ಯಾವ್ರು ಮೂರ ಕಡೆ ಚೆದರಿದ್ರು. ಯಾರಿಗೆ ತೋರಸೂದು? ಒಳಗ ತಿರುವ್ರಿ, ನಾವರೆ ನೋಡೂಣು ಅಂದೆ. ನಿಮ್ಮಪ್ಪ ಹೂಂ ಅಂದ್ರು."

ರೇವಪ್ಪ ಪರದೆಗೆ ಬೆರಳು ತಾಗಿಸಿ, "ಹೊರಗ ತಿರುವು," ಎಂದರು.

ದುರಗೇಶ ತಿರುಗಿಸಿದ. ಹಿಂದೆಯೇ ತೇರದಾಳದಿಂದ ಪೂನಮ್ ಬಂದಳು. ಬಯಲಿನಲ್ಲಿ ಅವಳ ಪುಟ್ಟ ಬೊಂಬೆ ಬಾಗಿಲಿನ ಎದುರು ಬಂದು ನಿಂತಿತು. ಹೆಡ್‌ಫೋನ್ ಕಿತ್ತು ದುರಗೇಶ ಅವಳ ದನಿ ಎಲ್ಲರಿಗೂ ಕೇಳುವಂತೆ ಮಾಡಿದ.

"ಅಣ್ಣಾ, ಗ್ವಾಡಿ ಎಲ್ಲಿ?"

"ಆಮ್ಯಾಲ."

"ಗಿಳಿ ನನ್ನ ಕಡೆ ನೋಡಾಕತ್ತಾವಲ್ಲೋ! ನಾ ಯಾವಾಗಲೂ ಹೋಗಬೇಕಾದರ ನೋಡೀನಿ ಅವನ್ನ. ಬರಬೇಕಾದರ ನೋಡಿಲ್ಲ."

"ಅದಕ್ಕ ಬಾ," ಎಂದರು ರೇವಪ್ಪ. "ಬಲಗಾಲ ಇಡು."

"ಯಪ್ಪಾ, ಈ ಬೊಂಬಿಗೆ ಬಲಗಾಲ ಮೊದಲ ಇಡಾಕ ಬರೂದಿಲ್ಲ."

"ಹಂಗಾರ ನೀ ಅಲ್ಲಿ ಕುಂತಲ್ಲೇ ಇಡು."

ತೇರದಾಳದಲ್ಲಿ ಕುರ್ಚಿ ಸರಿದ ಸದ್ದು ಕೇಳಿಸಿತು. ಬೊಂಬೆ ಹೊಸ್ತಿಲು ದಾಟಿತು. ಆಚೆ ಏನೂ ಇರಲಿಲ್ಲ, ಹಸಿರು ಬಯಲು ಅಷ್ಟೆ. ಕರೆವ್ವ ಹಿಟ್ಟು ಮೆತ್ತಿದ ಕೈಯಲ್ಲೇ ಬಂದು ನಿಂತಿದ್ದಳು. ಪೂನಮ್ ಮೂಗೆಳೆದು, "ಛಲೋ ಐತಿ ಮನಿ," ಎಂದಳು.

ಡಿಸೆಂಬರ್ ಕೊನೆಗೆ ಕಂಪನಿಯ ಆಟ ನಿಂತಿತು. ಅಷ್ಟರಲ್ಲಿ ಮನೆಗೆ ಗೋಡೆ ಎದ್ದು, ಓಣಿ, ಬಾವಿಯೂ ಆಗಿದ್ದವು. ಬೇರೊಂದು ಕೇಂದ್ರದಲ್ಲಿದ್ದ ಹಳೆಯ ಓಣಿಯ ಅಂದಾನೆಪ್ಪ ತಮ್ಮ ಮೊಮ್ಮಗಳ ಲ್ಯಾಪ್‌ಟಾಪಿನಿಂದ ಬಂದು, ತಮ್ಮ ಬಾಗಿಲು ಬಾವಿಯ ಎದುರಿಗೆ ಇರಬೇಕಿತ್ತೆಂದು ತಕರಾರು ತೆಗೆದು ಹೋಗಿದ್ದರು. ಇನ್ನು ಯಾರು ಯಾವ ಯಂತ್ರದಿಂದ ಬಂದಾರೆಂದು ದುರಗೇಶ ಕೇಳುವುದಿಲ್ಲ.

ಬಾಗಿಲು ನಿಲ್ಲಿಸಿದ ಆ ರವಿವಾರವೇ ಸರ್ವರಿನಲ್ಲಿ ಒಂದು ಸಂಖ್ಯೆ ತುಂಬುವುದಿತ್ತು: ಒಮ್ಮೆಗೆ ಎಷ್ಟು ಮಂದಿಗೆ ಪ್ರವೇಶ. ತನಗೆ, ತಂಗಿಗೆ ಸಾಕೆಂದು ಅವನು ಮೊದಲು ಎರಡು ಎಂದು ಹಾಕಿದ್ದ. ಯಂತ್ರ ತಾಳುವುದು ಎಂಟು ಎಂಬುದನ್ನು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆದರೂ ಅಪ್ಪನ ಕಡೆ ತಿರುಗಿ, ಊರಲ್ಲಿ ಮನೆ ಎಷ್ಟಿದ್ದವೆಂದು ಕೇಳಿದ. ರೇವಪ್ಪ ಕಣ್ಣು ಮುಚ್ಚಿ ಓಣಿ ಓಣಿ ತಿರುಗಿ ಬಂದು ಹೇಳಿದರು. "ಅಣ್ಣಾ, ಎಷ್ಟು ಮಂದಿಗೆ ಜಾಗಾ ಇಟ್ಟಿ?" ಎಂದಳು ಪೂನಮ್. ದುರಗೇಶ ಎರಡನ್ನು ಅಳಿಸಿ, ಹೊಸದನ್ನು ಬರೆದು, ಅಡಿಗೆಮನೆಗೂ ಕೇಳುವಂತೆ ಓದಿ ಹೇಳಿದ:

"ನೂರಾ ಹದಿನೆಂಟು."