‘ಅ’ ಹಿಡಿದು ಬರೆದ ಸಾಲು

ಅತಿಥಿ ಶಿಕ್ಷಕಿ ಕಸ್ತೂರಿಗೆ ಮೂರು ತಿಂಗಳ ಪಗಾರ ಇನ್ನೂ ಬರಬೇಕು. ಹಾಜರಿ ಪತ್ರಕ್ಕೆ ಶಾಲಾ ಸಮಿತಿ ಅಧ್ಯಕ್ಷ ಅಣ್ಣಾಸಾಹೇಬನ ಸಹಿ ಬಿದ್ದಿಲ್ಲ. ಆದರೂ ಆಕೆ ಕೊಣ್ಣೂರಿನಲ್ಲಿ ಬಸ್ಸು ಹತ್ತಿ, ಮಸಗುಪ್ಪಿಯಾಚೆ ಕಬ್ಬಿನ ತೋಟಗಳ ನಡುವಿನ ಶಾಲೆಗೆ ದಿನಾ ಬರುತ್ತಾಳೆ. ಕುರಿ ಕಾಯುವವರ ಮನೆಯ ಮಗಳು. ಅನುಪ್ರಾಸದ ಪಾಠವನ್ನೂ ಕುರಿಯಿಂದಲೇ ಶುರು ಮಾಡಿದಳು.

“ಕಾಕಾನ ಕರೇ ಕುರಿ ಕಾಳು ಕದ್ದು ಕಡೀತು. ಏನ ಕೇಳಸ್ತು?”

“ಕಾಗಿ ಒದರಿದಂಗ ಆತ್ರಿ ಅಕ್ಕೋರ!” ಎಂದ ಒಬ್ಬ ಹುಡುಗ. ಎಲ್ಲರೂ ನಕ್ಕರು.

“ಕಾಗಿ ಅಲ್ಲೋ ಖೋಡಿ, ಅನುಪ್ರಾಸ. ಒಂದೇ ಅಕ್ಷರ ಮತ್ತ ಮತ್ತ ಬಂದು ಕಿವಿ ಹಿಡೀತೈತಿ. ಈಗ ‘ಅ’ ಹಿಡದು ಒಂದು ಸಾಲು ಬರೀರಿ. ಸುಳ್ಳ ಬ್ಯಾಡ, ಕಂಡದ್ದು ಬರೀರಿ.”

ಅದೇ ತಪ್ಪಾಯಿತು. ಐದನೇ ಇಯತ್ತೆಯ ಬಾಳವ್ವ ಎದ್ದು ಬೋರ್ಡಿನ ಮೇಲೆ ಸೊಟ್ಟ ಅಕ್ಷರದಲ್ಲಿ ಬರೆದಳು: ಅಣ್ಣಾಸಾಹೇಬರ ಅಟ್ಟದಾಗ ಅಂಗನವಾಡಿ ಅಕ್ಕಿ.

ಅವ್ವ ಇಂದ್ರವ್ವನ ಜೊತೆ ಆ ಮನೆಯ ಕಸ ಹೊಡೆಯಲು ಹೋದಾಗ ಹುಡುಗಿ ಕಂಡದ್ದು ಅದು. ಕಸ್ತೂರಿ ಡಸ್ಟರ್ ಎತ್ತಿಕೊಂಡಳು. ಮತ್ತೆ ಕೆಳಗಿಟ್ಟಳು. ಸಾಲಿನಲ್ಲಿ ತಪ್ಪೇ ಇರಲಿಲ್ಲ. ಸಂಜೆ ಹುಡುಗಿಯರು ಅದನ್ನೇ ಒದರುತ್ತ ಕುಂಟಾಟ ಆಡಿದರು. ಕೇಳಿದ ದೊಡ್ಡವರು ಬಾಗಿಲು ಹಾಕಿಕೊಂಡರು.

ಮರುದಿನ ಪಾಠದ ನಡುವೆ ಅಣ್ಣಾಸಾಹೇಬ ಒಬ್ಬನೇ ಬಂದ. ಕೂಗಾಡಲಿಲ್ಲ. ಆಕೆಯ ಕುರ್ಚಿಯಲ್ಲೇ ಕೂತ.

“ಭಾಳ ಚಲೋ ಕಲಿಸೀರಿ ಅಕ್ಕೋರ. ಯಾರ ಕೈ ಇದು?”

“ನಂದೇರಿ.”

“ನಿಮ್ಮ ಅಕ್ಷರ ಮುತ್ತು. ಇವು ಕೋಳಿ ಕಾಲು. ಹೆಸರ ಹೇಳ್ರಿ, ಈಗ್ಲೇ ಸಹಿ ಮಾಡ್ತೇನಿ.”

“ಅಟ್ಟ ತೋರಸ್ರಿ. ಸುಳ್ಳಾದ್ರ ನಾನೇ ಅಳಸ್ತೇನಿ.”

ಅವನ ನಗು ನಿಂತಿತು. ಮೊಬೈಲಿನಲ್ಲಿ ಬೋರ್ಡಿನ ಫೋಟೋ ಹೊಡೆದುಕೊಂಡ. “ಸೋಮವಾರ ಎಲ್ಲಾ ಹುಡುಗೂರು ನನ್ನ ಮುಂದ ಬರೀಲಿ. ತಾಳೆ ಹಚ್ಚಿ ನೋಡೂಣು.” ಬಾಗಿಲಲ್ಲಿ ತಿರುಗಿದ. “ಇಂದ್ರವ್ವನ ಮಗಳು ಇದೇ ವರ್ಗದಾಗ ಅದಾಳಲ್ಲ?”

ಬಾಳವ್ವ ಮುಂದಿನ ಸಾಲಿನಲ್ಲೇ ಕೂತಿದ್ದಳು.

ಅಂದಿನಿಂದ ಕಸ್ತೂರಿ ಆ ಹುಡುಗಿಯನ್ನು ಕೈ ಹಿಡಿದು ಮನೆ ಮುಟ್ಟಿಸುತ್ತಾಳೆ. ಕಬ್ಬಿನ ನಡುವಿನ ದಾರಿಯಲ್ಲಿ ಹಿಂದೊಂದು ಮೋಟಾರ್‌ಸೈಕಲ್ಲು ಮೆಲ್ಲಗೆ ಬರುತ್ತದೆ. ಇವರು ನಿಂತರೆ ಅದೂ ನಿಲ್ಲುತ್ತದೆ.

ಸೋಮವಾರ ಒಂದು ಸೊಟ್ಟ ‘ಅ’ ಸಿಕ್ಕರೆ ಅವನಿಗೆ ಸಾಕು. ಇದನ್ನು ಓದಿ ‘ಪಾಪ’ ಅನ್ನಬೇಡಿ. ನಿಮ್ಮ ‘ಪಾಪ’ದಿಂದ ಯಾವ ಕೂಸೂ ಉಳಿಯುವುದಿಲ್ಲ. ಆ ಸಾಲನ್ನು ನಿಮ್ಮ ಮನೆಯ ಗೋಡೆಗೆ, ನಿಮ್ಮದೇ ಕೈಯಿಂದ, ಸೋಮವಾರದೊಳಗೆ ಬರೆಯಿರಿ. ಗೋಡೆಗೋಡೆಗೂ ಬೇರೆ ಬೇರೆ ಕೈ ಇದ್ದರೆ ಅವನು ಯಾರ ಅಕ್ಷರಕ್ಕೆ ತಾಳೆ ಹಚ್ಚಿಯಾನು? ಬರೆಯುತ್ತೀರೋ ಇಲ್ಲವೋ, ಈಗಲೇ ಹೇಳಿ.