ಊರಿಗೆ ಸಂಬಂಧ ಇಲ್ಲದ ಕಟಗಿ

ನಮ್ಮ ಮಾವ, ಅತ್ತಿ ಮೂವತ್ತು ವರ್ಷ ಸಂಸಾರ ಮಾಡಿದವರು. ಆದರ ನಾಕು ಮಂದಿ ಮುಂದ ಒಬ್ಬರಿಗೊಬ್ಬರು ನೆಟ್ಟಗ ಒಂದು ಮಾತು ಆಡಿದ್ದು ನಾ ನೋಡಿದ್ದಿಲ್ಲ. ಆ ಕಾಲದ ಹಿರೇರು ಹಂಗ ಇರತಿದ್ರು ಅನ್ರಿ. ಏನರ ಹೇಳೋದಿದ್ರ ನಡುವ ಒಬ್ಬರು ಬೇಕು. ನಾ ಅಫಜಲಪುರದಿಂದ ಸೊಸಿಯಾಗಿ ಆಳಂದದ ಆ ಮನಿಗೆ ಬಂದ ಮ್ಯಾಲ ಆ ನೌಕರಿ ನನಗ ಬಂತು. ಇಬ್ಬರೂ ಒಂದೇ ಪಡಸಾಲ್ಯಾಗ ಎರಡು ಮಾರು ದೂರದಾಗ ಕುಂತಿರತಿದ್ರು. ಮಾವ ಅನ್ನೋರು, "ಯವ್ವಾ, ಆಕಿಗೆ ಕೇಳು, ಚಾ ಕುಡದಾಳೇನಂತ." ನಾ ಹೊಳ್ಳಿ ನಿಂತು, "ಅತ್ತಿ, ಚಾ ಕುಡದ್ರೇನಂತ ಕೇಳಾಕತ್ತಾರ." ಅತ್ತಿ ಸೆರಗು ಸರಿ ಮಾಡಿಕೊಂಡು, "ಕುಡದೀನಿ ಅನ್ನು." ನಾ ಮತ್ತ ಈ ಕಡಿ ಹೊಳ್ಳಿ, "ಕುಡದಾರಂತ್ರಿ." ಕಿವಿ ಕೇಳದವರಿದ್ರ ಮಾತು ಬ್ಯಾರೆ. ಇಬ್ಬರ ಕಿವೀನೂ ಗಟ್ಟಿ ಇದ್ದವು! ಸವದದ್ದು ನನ್ನ ಬಾಯಿ ಒಂದೇ.

ಆಚಿ ಕಡಿ ಸ್ವತಂತ್ರ ಬಂದು, ನಮ್ಮ ನಿಜಾಮನ ಸೀಮಿಗೆ ಇನ್ನೂ ಬರದ ವರ್ಷ ಅದು. ದೀಪಾವಳಿ ಮುಂದ ಅತ್ತಿಗೆ ಜ್ವರ ಬಂತು. ಜ್ವರ ಹೋತು, ಕೀಲುನೋವು ಕಾಲಾಗ ಉಳೀತು. ಹಕೀಮ ಬಂದು ನಾಡಿ ನೋಡಿ, "ಥಂಡಿ ಫರಸಿ ಮ್ಯಾಲ ಕಾಲಿಟ್ರ ಕಾಲು ಹೋದವಂತ ತಿಳೀರಿ" ಅಂತ ಅಂಜಿಸಿ ಹೋದ. ನಮ್ಮ ಮನಿ ಅಂದ್ರ ತಲಬಾಗಲದಿಂದ ಹಿತ್ತಲತನ ಬರೇ ಶಾಬಾದಿ ಕಲ್ಲಿನ ಫರಸಿ. ಕಾಲಿಡಬ್ಯಾಡ ಅಂದ್ರ ಹಾರಿ ಹೋಗಬೇಕೇನು? ನಾ ಮುಂದ ಒಂದು ಕೌದಿ ಹಾಸೋದು, ಅತ್ತಿ ಅದರ ಮ್ಯಾಲ ಬರೋದು, ನಾ ಹಿಂದಿನ ಕೌದಿ ಎತ್ತಿ ಮತ್ತ ಮುಂದ ಒಗಿಯೋದು. ಬಚ್ಚಲಕ್ಕ ಹೋಗಿ ಬರೋದ್ರಾಗ ನನ್ನ ನಡ ಬಿದ್ದು ಹೋಗತಿತ್ತು.

ಅದನ್ನರ ತಾಳಿಕೋಬಹುದಿತ್ತು. ಲಿಂಗಪೂಜಿದೇ ದೊಡ್ಡ ಕಷ್ಟ ಆತು. ಸಾರಸಿದ ನೆಲದ ಮ್ಯಾಲ ಕುಂತು ಪೂಜಿ ಮಾಡೋದು ಅತ್ತಿ ಹುಟ್ಟಿದಾಗಿಂದ ಬಂದದ್ದು. ಆಕಿ ಅಂದೋಲಾದಾಕಿ, ಮಠದ ನೆರಳಾಗ ಬೆಳದಾಕಿ. ಕುಂದರಾಕ ಮಣಿ ಹಾಕಿ ಕೊಟ್ರ, ಮಡಚಲಾರದ ಕಾಲು ಫರಸಿ ಮ್ಯಾಲ ಚಾಚತಿದ್ದವು. ಕೌದಿ ಹಾಸತೀನಂದ್ರ, "ಮಲಗೋ ಹಾಸಗಿ ಮ್ಯಾಲ ಪೂಜಿ ಮಾಡತಾರೇನು?" ಅಂತ ನನಗ ಬೈದಳು. ಕಡೀಕ ಮಂಚದ ಮ್ಯಾಲನ ಕುಂತು ಮಾಡಾಕತ್ತಳು. ಮಾಡಿ, "ಇದು ಅರ್ಧ ಪೂಜಿ" ಅಂತ ತಾನೇ ತೀರ್ಮಾನ ಕೊಟ್ಟಳು. ಅರ್ಧ ಪೂಜಿಗೆ ಅರ್ಧ ರೊಟ್ಟಿ. ಮೂರು ಜ್ವಾಳದ ರೊಟ್ಟಿ ಉಣ್ಣಾಕಿ ಅರ್ಧಕ್ಕ ಎದ್ದು ಕೈ ತೊಳೀತಿದ್ದಳು. ನಾ ಕಣ್ಣೀರು ಹಾಕಿದೆ, ಜಗಳಾಡಿದೆ, ಊಹೂಂ. ಸಂಕ್ರಾಂತಿ ಬರೋದ್ರಾಗ ಆಕಿ ಬಳಿ ಮುಂಗೈಯಿಂದ ಮೊಳಕೈತನ ಜಾರಾಕತ್ತಿದ್ದವು.

ಮಾವ ದಿನಾ ಆಕಿ ತಾಟು ಮಾತ್ರ ನೋಡತಿದ್ರು. ಒಂದಿನ ಬಡಿಗ್ಯಾನ್ನ ಕರಸಿ ಪಡಸಾಲ್ಯಾಗ ಕುಂದರಿಸಿ, "ದೇವರ ಖೋಲಿಗೆ ಕಟಗಿ ನೆಲ ಹಾಕಬೇಕು" ಅಂದ್ರು. ಕೋರ್ಟಿನ ಖಟ್ಲೆಕ್ಕಂತ ಹೈದರಾಬಾದಿಗೆ ಹೋದಾಗ ಯಾವುದೋ ನವಾಬರ ಬಂಗಲಿಯೊಳಗ ನೋಡಿದ್ರಂತ. ಗೇಣುದ್ದದ ಕಟಗಿ ತುಂಡು, ಈಚಲ ಚಾಪಿ ಹೆಣದಾಂಗ ಒಂದಕ್ಕೊಂದು ಕೂಡಿಸಿದ ನೆಲ. ಬಡಿಗ್ಯಾ ತಲಿ ಕೆರಕೊಂಡ. "ಯಪ್ಪಾ, ಅವ್ವಾರಿಗೆ ಕುಂದರಾಕ ಒಂದು ಅಗಲ ಹಲಗಿ ಸಾಕಲ್ರೀ, ಒಂದು ತಾಸಿನ ಕೆಲಸ" ಅಂದ.

ಮಾವ ಕೆಂಡ ಆದ್ರು. "ಅವ್ವಾರಿಗಂತ ಯಾರು ಹೇಳ್ಯಾರಲೇ ನಿನಗ? ಮನಿ ಶೋಭಾಕ್ಕ ಹಾಕಸಾಕತ್ತೀನಿ, ಶೋಭಾಕ್ಕ!"

ಹೆಂಡತಿ ಸಲುವಾಗಿ ಅಂತ ಬಾಯಿಬಿಟ್ಟು ಹೇಳೋಕಿಂತ ಅವರು ಹೊಲ ಮಾರಿದ್ರೂ ಮಾರತಿದ್ರು. ನನಗ ಆವಾಗ ಸಿಟ್ಟು ಬರತಿತ್ತು. ಈಗ ನೆನಸಿಕೊಂಡ್ರ ನಗಿ ಬರತದ.

ಮರುದಿನ ಬಡಿಗ್ಯಾ ನಾಕು ನಮೂನಿ ಕಟಗಿ ತಂದ. "ಆಕಿ ಯಾವುದರ ಮ್ಯಾಲ ಕುಂದರತಾಳ ಕೇಳು" ಅಂದ್ರು ಮಾವ. ನಾ ಒಂದೊಂದೇ ಮಂಚದ ಮುಂದ ಹಿಡದೆ.

ಸಾಗವಾನಿ ನೋಡಿ ಅತ್ತಿ ಕಣ್ಣು ದೊಡ್ಡವು ಮಾಡಿದಳು. "ನಮ್ಮ ಹೊಸ್ತಿಲ ಸಾಗವಾನಿದು. ದಿನಾ ಅರಿಶಿಣ ಕುಂಕುಮ ಏರಸತೀನಿ. ಹೊಸ್ತಿಲ ತುಳೀಬ್ಯಾಡ್ರೋ ಅಂತ ಹುಡುಗರಿಗೆ ಹೊಡದಾಕಿ, ಈಗ ನಾನೇ ಅದರ ಮ್ಯಾಲ ಕಾಲು ಚಾಚಲೇನು?"

ಬೇವು ಹಿಡದೆ. "ಊರ ದೇವಿ ಬೇವಿನ ಬುಡಕ್ಕ ಕುಂತಾಳ. ಆಕಿ ಬುಡಕ್ಕ, ನಾ ಮ್ಯಾಲ? ಬ್ಯಾಡನ್ನು."

ಜಾಲಿ. "ಕೂರಿಗಿ ಜಾಲಿದು, ನೇಗಿಲ ಜಾಲಿದು. ಅನ್ನ ಕೊಡೋದನ್ನ ತುಳದ್ರ ಮುಂದಿನ ವರ್ಷ ಏನು ತಿಂತೀರಿ, ಮಣ್ಣಾ?"

ಹುಣಸಿ. ಅದನ್ನ ನೋಡಿ ಆಕಿ ದೆವ್ವ ಕಂಡವರಂಗ ಮಾರಿ ತಿರುವಿದಳು.

ಪ್ರತಿಯೊಂದನ್ನೂ ನಾ ಮಾವನ ಕಡಿ ಹೊಳ್ಳಿ ಹೇಳಬೇಕು, ಅವರು ಅದನ್ನ ಹೊಸಾದಾಗಿ ಕೇಳಿದಾಂಗ "ಹೌದಾ?" ಅನಬೇಕು. ಬಡಿಗ್ಯಾ ಕೈ ಮುಗದ. "ಯಪ್ಪಾ, ದೇವರಿಲ್ಲದ, ದೆವ್ವ ಇಲ್ಲದ ಕಟಗಿ ನಮ್ಮ ಸೀಮ್ಯಾಗಂತೂ ಇಲ್ರಿ. ಊರಿಗೆ ಸಂಬಂಧ ಇಲ್ಲದ ಕಟಗಿನೇ ತರಬೇಕು." ಹಂಗಂದಾವನೇ ಜರಾ ನೆನಪು ಮಾಡಿಕೊಂಡು, ಕಛೇರ್ಯಾಗಿನ ಬಗ್ಗಿಸಿದ ಬೆನ್ನಿನ ಕುರ್ಚಿ ಮಾತು ತೆಗೆದ. ಆ ಕುರ್ಚಿ ಬೀಚ್ ಅನ್ನೋ ವಿಲಾಯತಿ ಕಟಗಿದಂತ. ತಾ ರಿಪೇರಿ ಮಾಡ್ಯಾನಂತ. ಸೊಲ್ಲಾಪುರದ ಒಬ್ಬ ಕಟಗಿ ವ್ಯಾಪಾರಿ ಕಡಿ ಗಿರಣಿ ಕೆಲಸಕ್ಕಂತ ಬಂದು ಉಳದದ್ದು ಅದ ಅಂದ. ಕುರ್ಚಿದೊಂದು ಮುರದ ಕಾಲು ತಂದು ತೋರಿಸಿದ. ತೆಳ್ಳನ ಗುಲಾಬಿ ಬಣ್ಣ, ಮ್ಯಾಲ ಸಣ್ಣ ಸಣ್ಣ ಚುಕ್ಕಿ, ಮುಟ್ಟಿದ್ರ ಬೆಣ್ಣಿ ಹಂಗ ನುಣುಪು. ಅತ್ತಿ ಮೂಸಿ ನೋಡಿದಳು, ವಾಸನಿ ಇಲ್ಲ. ಉಗುರಲೆ ಕೆರದು ನೋಡಿದಳು. "ಇದಕ್ಕ ಯಾವ ದೇವರು?" ಅಂತ ಕೇಳಿದಳು. ಬಡಿಗ್ಯಾ, "ಯಾವ ದೇವರೂ ಇಲ್ರಿ ಅವ್ವಾರ, ಸಾಹೇಬರು ಕುಂಡಿ ಊರತಾರ ಅಷ್ಟ" ಅಂದ. ಅತ್ತಿ ಒಪ್ಪಿದಳು.

ಊರಿಗೇ ಒಂದು ದಾರಿ ಆದ್ರ ಪೋರಗೇ ಒಂದು ದಾರಿ ಅಂತಾರಲ್ಲ, ಹಂಗಾತು ನಮ್ಮದು. ರಜಾಕಾರರ ಗದ್ದಲಕ್ಕ ಅಂಜಿ ಉಳ್ಳವರೆಲ್ಲಾ ಪೆಟಗಿ, ಬಂಗಾರ, ಹೆಣ್ಣುಮಕ್ಕಳನ್ನ ಬಂಡ್ಯಾಗ ಹೇರಿಕೊಂಡು ಖಜೂರಿ ದಾಟಿ ಸೊಲ್ಲಾಪುರಕ್ಕ ಹೊಂಟಿದ್ರ, ನನ್ನ ಗಂಡ ಸೊಲ್ಲಾಪುರದಿಂದ ಆ ಕಟಗಿ ಬಂಡಿ ಹೊಡಕೊಂಡು ಈಚಿ ಬರಾಕತ್ತಿದ್ರು. ಗಡಿ ಮ್ಯಾಲಿನ ಖಜೂರಿ ನಾಕಾದಾಗ ಗುಮಾಸ್ತಗ ಸಂಶಯ ಬಂತು. ಬಂದೂಕು ಅದಾವೇನಂತ ಒಂದೊಂದೂ ಕಟ್ಟು ಬಿಚ್ಚಿಸಿದನಂತ. ಬರೇ ಗೇಣುದ್ದದ ಕಟಗಿ.

"ಇದೇನು?"

"ನೆಲರಿ."

"ನೆಲಾನೂ ಸೊಲ್ಲಾಪುರದಿಂದ ತರತಾರೇನ್ರೀ? ನಿಮ್ಮೂರಾಗ ನೆಲ ಇಲ್ಲೇನು?" ಅಂದವನೇ ನಗಿ ತಡೀಲಾರದೆ ನಕ್ಕು ಬಿಟ್ಟು ಕಳಸಿದನಂತ. ಮನಿಗೆ ಬಂದ ನನ್ನ ಗಂಡ ಎರಡು ದಿನ ಅಪ್ಪನ ಸಂಗಡ ಮಾತಾಡಲಿಲ್ಲ. ಅದೂ ನನಗ ಹೆಚ್ಚಿನ ಕೆಲಸ.

ಬಡಿಗ್ಯಾ ಹದಿನೈದು ದಿನ ಕುಂತು ನೆಲ ಕೂಡಿಸಿದ. ಎರಡು ಮಾತು ಹೇಳಿದ. ಈ ಕಟಗಿ ಉಬ್ಬೋ ಜಾತಿ, ಗ್ವಾಡಿಗುಂಟ ಒಂದು ಬೆರಳು ಜಾಗ ಬಿಡಬೇಕು ಅಂದ. "ಚೇಳಿಗೆ ದಾರಿ ಬಿಡತೀಯೇನಲೇ? ಸೂಜಿ ಹೋಗಬಾರದು, ಹಂಗ ಬಡಿ" ಅಂದ್ರು ಮಾವ. ಬಡದ. ಇನ್ನೊಂದು, ನೀರು ಬೀಳಬಾರದು ಅಂದ. ಮಾವ ನನಗ ಅಂದ್ರು, "ಆಕಿಗೆ ಹೇಳು, ನೀರು ಹಾಕಬ್ಯಾಡಂತ." ನಾ ಹೇಳಿದೆ, "ಅತ್ತಿ, ನೀರು ಹಾಕಬ್ಯಾಡಂತ." ಅತ್ತಿ, "ಆತನ್ನು" ಅಂದಳು. ಮೂರೂ ಮಂದಿ ನಮ್ಮ ನಮ್ಮ ಕೆಲಸ ಬರೋಬ್ಬರಿ ಮಾಡಿದೆವು. ಈಗಲೂ ಹೇಳತೀನಿ, ನನ್ನ ತಪ್ಪು ಇದ್ರಾಗ ಎಳ್ಳಷ್ಟೂ ಇಲ್ಲ.

ಸೋಮವಾರ ಹೊಸ ನೆಲದ ಮ್ಯಾಲ ಮೊದಲ ಪೂಜಿ ಅಂತ ಠರಾವು ಆತು. ಶುಕ್ರವಾರನೇ ಅತ್ತಿ ತನ್ನ ಮಂಚ ಆ ಖೋಲಿಗೆ ಹಾಕಿಸಿಕೊಂಡಳು. ಕಟಗಿ ಮ್ಯಾಲ ಕಾಲಿಟ್ಟಳು. ನಡದಳು! ಈ ಗ್ವಾಡಿಯಿಂದ ಆ ಗ್ವಾಡಿಗೆ, ಕೌದಿ ಇಲ್ಲದೆ. ನನಗ ಖುಷಿಲೆ ಕಣ್ಣೀರು ಬಂದವು. "ಇನ್ನ ಪೂರ್ತಿ ಉಣ್ರಿ ಅತ್ತಿ" ಅಂದ್ರ, "ನೆಲ ಇನ್ನೂ ಪೂಜಿಗೆ ಬಂದಿಲ್ಲ. ಮೂರು ಸಲ ಸಾರಸಬೇಕು. ಸೆಗಣಿ ತಾ" ಅಂದಳು. ತಂದು ಕೊಟ್ಟೆ. ಹೊಸ ನೆಲ ಸಾರಸದೆ ಯಾರು ಪೂಜಿಗೆ ಕುಂದರತಾರ? ಅತ್ತಿ ಮಾತ್ರ ಹುಷಾರಿ. "ನೀರು ಬ್ಯಾಡಂದಾರ" ಅಂತ ಬಕೀಟು ದೂರ ಸರಿಸಿ, ಆಗ ಹಾಕಿದ ಹಸಿ ಸೆಗಣಿ, ಆಕಳದು, ದಪ್ಪಗ, ಒಂದು ಹನಿ ನೀರು ಬೆರಸದೆ ಬಳದಳು. ಶುಕ್ರವಾರ ಒಂದು ಸಲ. ಶನಿವಾರ ಒಂದು ಸಲ. ರವಿವಾರ ಒಂದು ಸಲ. ಮಾವ ಪೂಜಿ ತನಕ ನೋಡಬಾರದಂತ ಬಾಗಲ ಮುಚ್ಚಿಕೊಂಡಿದ್ದೆವು.

ಸೋಮವಾರ ಮುಂಜಾನಿ ಮಾವ ಊರಾಗಿನ ಐದಾರು ಹಿರೇರನ್ನ ನೆಲ ತೋರಸಾಕ ಕರದ್ರು. ಪಡಸಾಲ್ಯಾಗ ಜಮಖಾನಿ, ಚಾ, ಅಡಕಿ ಎಲಿ. ಮಾವ ಮೀಸಿ ತಿರುವಿಕೋತ, "ಹೈದರಾಬಾದ್ ಬಿಟ್ರ ಈ ನೆಲ ಇರೋದು..." ಅನ್ನೋದ್ರಾಗ ದೇವರ ಖೋಲಿಂದ ಢಂ ಅಂತು!

ಆ ದಿನಗಳಾಗ ಢಂ ಅಂದ್ರ ಒಂದೇ ಅರ್ಥ. "ಗುಂಡು! ಗುಂಡು!" ಅಂತ ಒಬ್ಬರು ಜಮಖಾನಿ ಬುಡಕ್ಕ ಹೊಕ್ಕರು. ಒಬ್ಬರು ಪಟಕಾ ಬಿಟ್ಟು ಓಡಿದ್ರು. ಊರ ನ್ಯಾಯಾ ಹೇಳೋ ಹಿರೇರು ಒಬ್ಬರು ನಮ್ಮ ಜ್ವಾಳ ತುಂಬೋ ಗುಮ್ಮಿ ಹಿಂದ ಕುಂತಿದ್ದು ಮಧ್ಯಾಹ್ನ ಗೊತ್ತಾತು.

ನಾ ಅತ್ತಿಗೆ ಬಚ್ಚಲದಿಂದ ಕೌದಿ ಹಾಸಿಕೋತ ಬರಾಕತ್ತಿದ್ದೆ. ಆಕಿ ನನ್ನ ದಬ್ಬಿದಳು. ಹಸಿ ಕೂದಲ, ತಲಿ ಮ್ಯಾಲ ಸೆರಗಿಲ್ಲ, ಬರಿಗಾಲಿಲೆ ಆ ಥಂಡಿ ಫರಸಿ ಮ್ಯಾಲ ಪಡಸಾಲಿ ಪೂರ್ತಿ ದಾಟಿ ಓಡಿ ಹೋಗಿ ಮಾವನ ಎರಡೂ ರಟ್ಟಿ ಹಿಡಕೊಂಡಳು.

"ಏನಾತ್ರೀ? ನಿಮಗೇನರ ಆತೇನ್ರೀ?"

ಮಾವ ಆಕಿ ಮಾರಿ ನೋಡಲಿಲ್ಲ. ಕೆಳಗ ನೋಡಿದ್ರು. "ಏ, ಫರಸಿ! ಫರಸಿ ಮ್ಯಾಲ ನಿಂತೀದಿ ಬೇ! ನಿನ್ನ ಕಾಲು!" ಅಂತ ಚೀರಿದ್ರು.

ಮೂವತ್ತು ವರ್ಷದಾಗ ನಾಕು ಮಂದಿ ಮುಂದ, ನಡುವ ಯಾರೂ ಇಲ್ಲದೆ ಆಡಿದ ಮೊದಲ ಮಾತು ಅದು. ನಾ ಕೌದಿ ಹಿಡಕೊಂಡು ಬಾಯಿ ತೆಗದು ನಿಂತೆ.

ಅಷ್ಟರಾಗ ಖೋಲ್ಯಾಗ ಇನ್ನೊಂದು ಢಂ. ಬಾಗಲ ತೆಗದು ನೋಡಿದ್ರ, ನೆಲ ನಟ್ಟನಡುವ ಮಸೂತಿ ಕಮಾನಿನಂಗ ಮ್ಯಾಲ ಎದ್ದದ. ತುಂಡು ಸಿಡದು ಗ್ವಾಡಿಗೆ ಬಡದಾವ. ಕುಂಬಾರಗ ವರುಷ, ದೊಣ್ಣಿಗೆ ನಿಮಿಷ. ಬಡಿಗ್ಯಾ ಓಡಿ ಬಂದ, ಬೆರಳಿಲೆ ನೆಲ ಮುಟ್ಟಿ ಮೂಸಿ ನೋಡಿ, ಅಳೋ ದನಿಲೆ, "ಸೆಗಣಿ?" ಅಂದ.

"ನೀರು ಹಾಕಬ್ಯಾಡ ಅಂದಿದ್ರು. ಹಾಕಿಲ್ಲ" ಅಂದಳು ಅತ್ತಿ.

ಎಲ್ಲಾರೂ ನನ್ನ ಮಾರಿ ನೋಡಾಕತ್ತಿದ್ರು. ನನಗ ತಲಿ ಕೆಟ್ಟಿತು. "ನನ್ನೇನು ನೋಡತೀರಿ? ನೀರು ಅಂದ್ರು, ನೀರು ಅಂತ ಹೇಳೀನಿ. ಸೆಗಣಿ ಅಂದಿದ್ರ ಸೆಗಣಿ ಅಂತ ಹೇಳತಿದ್ದೆ!"

ಅತ್ತಿ ಇನ್ನೂ ಫರಸಿ ಮ್ಯಾಲನ ನಿಂತಿದ್ದಳು. ತನ್ನ ಕಾಲು ತಾನೇ ನೋಡಿಕೊಂಡಳು. ನೋಯಲಿಲ್ಲ ಅಂತಲ್ಲ, ನೋಯ್ತು, ಸಂಜಿತನ ಬಾತಿದ್ದವು. ಆದರ ಹೋಗಿದ್ದಿಲ್ಲ, ಅಲ್ಲೇ ಇದ್ದವು. "ಆ ಹಕೀಮನ ಬಾಯಾಗ ಮಣ್ಣು ಬೀಳಲಿ" ಅಂದಳು. ಆಮ್ಯಾಲ ಪಡಸಾಲಿ ಮೂಲ್ಯಾಗ ಒಂದು ಫರಸಿ ತಾನೇ ಸಾರಸಿ, ಬಡಿಗ್ಯಾ ಮೊದಲ ದಿನ ಹೇಳಿದ್ದ ಅಗಲ ಹಲಗಿ ಸಿಡದ ಬೀಚ್ ತುಂಡು ಕೂಡಿಸಿ ಅವನ ಕಡಿಂದನೇ ಮಾಡಿಸಿಕೊಂಡು, ಅದರ ಮ್ಯಾಲ ಕುಂತಳು. ಒಂದು ತಾಸಿನ ಕೆಲಸ ಅಂದಿದ್ದನಲ್ಲ, ಒಂದೇ ತಾಸು ಆತು. ಪೂಜಿ ನಿಧಾನಕ್ಕ ಮಾಡಿದಳು. ಇದು ಪೂರ್ತಿಯೋ ಅರ್ಧನೋ ಕೇಳೋ ಧೈರ್ಯ ನಮಗ ಯಾರಿಗೂ ಇದ್ದಿಲ್ಲ.

ಉಣ್ಣಾಕ ಕುಂತಳು. ನಾ ಒಲಿ ಮುಂದ ರೊಟ್ಟಿ ಬಡೀತಾ ಒಂದು ಹಾಕಿದೆ. ಅರ್ಧ ಆತು, ಕೈ ನಿಲ್ಲಲಿಲ್ಲ. ಪೂರ್ತಿ ಆತು. ಎರಡನೇದು ಹಾಕಿದೆ, ಅದೂ ಆತು. ಎಂದೂ ಅಡಗಿ ಮನಿ ಕಡಿ ಸುಳೀದ ಮಾವ ಬಾಗಲದಾಗ ಬಂದು ಚೌಕಟ್ಟು ಹಿಡಕೊಂಡು ನಿಂತಿದ್ರು. ಕೆಮ್ಮಿದ್ರು.

"ಯವ್ವಾ, ಆಕಿಗೆ ಕೇಳು, ಇನ್ನೊಂದು ಬೇಕೇನಂತ."

ನನಗ ಎಲ್ಲಿತ್ತೋ ಆ ಧೈರ್ಯ. "ನನ್ನ ಕೈ ಹಿಟ್ಟಾಗ ಅದ್ರಿ ಮಾವ. ನೀವೇ ಕೇಳ್ರಿ" ಅಂದೆ.

ಮಾವ ಚೌಕಟ್ಟು ನೋಡಿದ್ರು, ಒಲಿ ನೋಡಿದ್ರು, ಮ್ಯಾಲ ಜಂತಿ ಎಲ್ಲಾ ನೋಡಿದ್ರು. ಕಡೀಕ ಸಣ್ಣ ದನಿಲೆ, "ಇನ್ನೊಂದು ಬೇಕೇನು?" ಅಂದ್ರು.

ಅತ್ತಿ ತಲಿ ಮ್ಯಾಲ ಸೆರಗು ಎಳಕೊಂಡಳು. ನಾ ಆಕಿಯಿಂದ ಒಂದು ಮೊಳ ದೂರದಾಗ ಬಿಸಿ ರೊಟ್ಟಿ ಕೈಯಾಗ ಹಿಡಕೊಂಡೇ ಕುಂತಿದ್ದೆ. ಆಕಿ ನನ್ನ ಕಡಿ ತಿರುಗಿ ಸುದ್ದಾ ನೋಡಲಿಲ್ಲ. ಮಾವನ ಮಾರೀನೇ ನೋಡಿಕೋತ ಅಂದಳು:

"ಬೇಕು. ಹಾಕು ಅಂತ ಆಕಿಗೆ ಹೇಳ್ರಿ."