ಕಾವೇರಿಯಲ್ಲಿ ಮುಖ ತೊಳೆಯಲು ಹೋಗಿ

ಜನರನ್ನು ಕಾವೇರಿ ದಡ ಹಿಡಿದು ನಾಲ್ಕು ದಿನ ಸೈಕಲ್ ಪ್ರವಾಸಕ್ಕೆ ಕರೆದೊಯ್ಯುವುದು ನನ್ನ ಕೆಲಸ. ಹೊಸ ದಾರಿ ನೋಡಿ ಬರೋಣವೆಂದು ಒಂದು ಬೆಳಿಗ್ಗೆ ಮೈಸೂರಿನ ಕೆಸರೆಯಿಂದ ಒಬ್ಬನೇ ಹೊರಟೆ. ಬಿಸಿಲೇರಿದಾಗ ನದಿ ದಡದಲ್ಲಿ ಸೈಕಲ್ ನಿಲ್ಲಿಸಿ, ಮುಖ ತೊಳೆಯಲು ಮಂಡಿಯುದ್ದ ನೀರಿಗಿಳಿದೆ. ಎದುರಿಗೊಂದು ಮರದ ದಿಮ್ಮಿ ತೇಲುತ್ತಿತ್ತು.

ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು ದನಿ ಏರಿಸದೆ, "ಅಣ್ಣಾ, ಮೆಲ್ಲಗೆ ಹಿಂದಕ್ಕೆ ಬನ್ನಿ. ಅದು ಮೊಸಳೆ" ಅಂದರು.

ದಿಮ್ಮಿ ಕಣ್ಣು ಬಿಟ್ಟಿತು. ದಡಕ್ಕೆ ಹೇಗೆ ಬಂದೆನೋ ಗೊತ್ತಿಲ್ಲ.

"ಮತ್ತೆ ನೀವು ಇಲ್ಲೇ ಒಗೀತಿದ್ದೀರಲ್ಲಮ್ಮ?"

"ನಾವು ದಿನಾ ಬರೋರು, ಅದಕ್ಕೆ ನಮ್ಮ ಗುರುತೈತೆ. ನೀವು ಹೊಸಬ್ರು ಕಣಣ್ಣ," ಎಂದು ಸೀರೆ ಹಿಂಡಿದರು.

ಮನೆಗೆ ಬಂದವನೇ, ಪ್ರವಾಸದ ಕರಪತ್ರದಲ್ಲಿದ್ದ 'ನದಿ ಸ್ನಾನ ಉಚಿತ' ಎಂಬ ಸಾಲನ್ನು ಹೊಡೆದುಹಾಕಿದೆ.